ಸುಗ್ಗಿಯ ಜೋಳ, ವಾರದ ಕಂತು
(ಆಪ್ತಸಲಹೆ ಪ್ರಕರಣ. ಕುಟುಂಬದ ಗುರುತು ಸಿಗದಂತೆ ವಿವರ ಬದಲಿಸಿದೆ.)

ಬಳ್ಳಾರಿಯ ಒಂದು ಬಾಡಿಗೆ ಮನೆ. ಗಂಡ ಜೀನ್ಸ್ ಹೊಲಿಯುವ ಘಟಕದಲ್ಲಿ ಪೀಸ್ ಲೆಕ್ಕದ ಕೆಲಸಗಾರ. ಹೆಂಡತಿ ಹೊಲಿದ ಪ್ಯಾಂಟು ಮನೆಗೆ ತಂದು ದಾರ ಕತ್ತರಿಸುತ್ತಾಳೆ. ಜೊತೆಗೆ ಅತ್ತೆ, ಶಾಲೆಗೆ ಹೋಗುವ ಎರಡು ಮಕ್ಕಳು. ಇಬ್ಬರ ದುಡಿಮೆ ಸೇರಿ ತಿಂಗಳಿಗೆ ಸುಮಾರು ₹20,000. ಎರಡು ಸಂಘದ ಸಾಲ. ಒಂದಕ್ಕೆ ವಾರಕ್ಕೆ ₹610, ಇನ್ನೊಂದಕ್ಕೆ ₹650. ಹೊಲಿಗೆ ಕೆಲಸ ಕಡಿಮೆಯಾದ ತಿಂಗಳೂ ಕಂತು ನಿಲ್ಲುವುದಿಲ್ಲ.

ಇವರು ನಮ್ಮಲ್ಲಿಗೆ ಬಂದದ್ದು ಸಾಲದ ಮಾತಿಗಲ್ಲ, ಅತ್ತೆ-ಸೊಸೆ ಜಗಳಕ್ಕೆ. "ಒಂಬತ್ತು ಮಂದಿ ಇದರ ಅರ್ಧ ರೊಕ್ಕದಾಗ ಬಾಳೇವು ಮಾಡೀವಿ. ಈಕಿಗೆ ಪಾಕೀಟು ಹರಿಯೋದು ಒಂದ ಗೊತ್ತು" ಎಂದು ಅತ್ತೆ. "ನಿಮ್ಮ ಕಾಲದಾಗ ಕಂತಿನವರು ವಾರಾ ವಾರಾ ಬಾಗಲಿಗೆ ಬರತಿದ್ದಿಲ್ಲ ಅತ್ತಿ" ಎಂದು ಸೊಸೆ. ಗೃಹಲಕ್ಷ್ಮಿಯ ₹2,000 ಅತ್ತೆಯ ಖಾತೆಗೆ ಬರುತ್ತದೆ, ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ. ಜಗಳದ ಅರ್ಧ ಅಲ್ಲೇ ಇತ್ತು.

ನಾಲ್ಕು ವಾರ ಖರ್ಚು ಬರೆಯಿಸಿದೆವು. ಉದ್ರಿ ಪುಸ್ತಕದಲ್ಲಿ ಕಂಡದ್ದು ಹತ್ತು ರೂಪಾಯಿಯ ಖಾರಪುಡಿ, ಕಾಲು ಲೀಟರ್ ಎಣ್ಣೆ, ಚಟ್ನಿಪುಡಿ ಪಾಕೀಟು, ಒಂದೊಂದು ಕಿಲೋ ಜೋಳದ ಹಿಟ್ಟು. ಉದ್ರಿ ಇದ್ದವರು ದರ ಕೇಳುವುದಿಲ್ಲ, ಅಂಗಡಿ ಬದಲಿಸುವುದೂ ಇಲ್ಲ. ಇಷ್ಟರ ಮಟ್ಟಿಗೆ ಅತ್ತೆಯ ಮಾತು ಸರಿ.

ಆದರೆ ಅವರು ಸೂಚಿಸಿದ ದಾರಿ ಬೇರೆ: ಮೂರನೇ ಸಾಲ ಎತ್ತಿ ಸುಗ್ಗಿಯಲ್ಲೇ ವರ್ಷದ ಜೋಳ, ತೊಗರಿಬೇಳೆ, ಮೆಣಸಿನಕಾಯಿ ತುಂಬಿಸುವುದು. ಇದನ್ನು ನಾವು ಒಪ್ಪಲಿಲ್ಲ. ಅಂದು ವಾಡೆ (ಕಾಳಿನ ಕಣಜ), ಹಗೇವು (ಕಾಳು ತುಂಬುವ ನೆಲದ ಗುಂಡಿ) ತುಂಬಿದ್ದು ಹೊಲದ ಬೆಳೆಯಿಂದ, ಇಲ್ಲವೇ ಕೂಲಿಯಾಗಿ ಬಂದ ಕಾಳಿನಿಂದ; ಆ ಕಾಳಿನ ಮೇಲೆ ಬಡ್ಡಿ ಇರಲಿಲ್ಲ. ಇವರ ಸಾಲದ ಕಾರ್ಡಿನಲ್ಲಿ ಬಡ್ಡಿ ವರ್ಷಕ್ಕೆ 24%. ಸುಗ್ಗಿಯಲ್ಲಿ ಕೊಂಡು ಉಳಿಸಿದ್ದನ್ನು ಬಡ್ಡಿಯೇ ತಿನ್ನುತ್ತದೆ, ಜೋಳ ತೀರಿದ ಮೇಲೂ ಕಂತು ಉಳಿಯುತ್ತದೆ.

ಬದಲಿಗೆ ಹೇಳಿದ್ದು: ಗೃಹಲಕ್ಷ್ಮಿ ಹಣ ಅತ್ತೆಯ ಕೈಯಲ್ಲೇ ಇರಲಿ, ಅದು ಕಾಳಿಗೆ ಮಾತ್ರ. ಕಂತಿಗೆ ಅದನ್ನು ನಂಬಬಾರದು. ಹಣ ಬರುವುದು ಹಿಂದುಮುಂದಾದರೆ ಕಂತು ತಪ್ಪುತ್ತದೆ. ಕಾಳು ಕೊಳ್ಳುವುದು ಹದಿನೈದು ದಿನ ತಡವಾದರೆ ನಷ್ಟವಿಲ್ಲ. ರಾತ್ರಿ ಮಾತ್ರ ರೊಟ್ಟಿ ಎಂದರೆ ಐದು ಮಂದಿಗೆ ದಿನಕ್ಕೆ ಮುಕ್ಕಾಲು ಕಿಲೋ ಹಿಟ್ಟು. ಒಂದು ಕ್ವಿಂಟಲ್ ನಾಲ್ಕು ತಿಂಗಳು ದಾಟುತ್ತದೆ. ಮೊದಲು ಐವತ್ತು ಕಿಲೋ ಸಾಕು.

ಒಂದೇ ಕೋಣೆಯ ಸಿಮೆಂಟ್ ನೆಲದ ಮನೆಯಲ್ಲಿ ಕಾಳು ಕೆಡುವುದು ಹೆಚ್ಚಾಗಿ ತೇವದಿಂದ. ತಂದ ಜೋಳವನ್ನು ತೆಳ್ಳಗೆ ಹರವಿ ಎರಡು ದಿನ ಬಿಸಿಲಿಗಿಡಬೇಕು. ಹಲ್ಲಲ್ಲಿ ಕಡಿದರೆ ಕಟ್ ಎನ್ನಬೇಕು. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವೆತು ಬೂಸರು ಹಿಡಿಯುತ್ತದೆ, ಆದ್ದರಿಂದ ಒಂದು ರಾತ್ರಿ ಆರಬಿಡಬೇಕು. ಬೇವಿನ ಎಲೆ ನೆರಳಲ್ಲಿ ಒಣಗಿದ್ದಾಗಿರಲಿ, ಹಸಿ ಎಲೆಯೇ ತೇವ ಕೊಡುತ್ತದೆ. ತಗಡಿನ ಡ್ರಮ್ಮು ಹಲಗೆಯ ಮೇಲಿರಲಿ. ಹದಿನೈದು ದಿನಕ್ಕೊಮ್ಮೆ ಕೈ ಇಳಿಸಿ ನೋಡಿ. ಬೆಚ್ಚಗಿದ್ದರೆ ಹುಳ ಎದ್ದಿದೆ, ಮತ್ತೆ ಬಿಸಿಲಿಗೆ. ಕಾಳಿನ ಗುಳಿಗೆ, ಅಂದರೆ ಅಲ್ಯೂಮಿನಿಯಂ ಫಾಸ್ಫೈಡ್, ಮಲಗುವ ಮನೆಯಲ್ಲಿ ಇಡಲೇಬಾರದು. ಅದರಿಂದ ಹೊರಡುವ ವಿಷಾನಿಲ ಮಂದಿಯ ಜೀವ ತೆಗೆಯುತ್ತದೆ. ಇದನ್ನು ಅತ್ತೆಗೆ ಎರಡು ಸಲ ಹೇಳಿದೆವು, ಊರಲ್ಲಿ ಹಾಕುವ ರೂಢಿ ಕಂಡವರು ಅವರು.

ಗಿರಣಿಗೆ ಹತ್ತು ದಿನಕ್ಕಾಗುವಷ್ಟು ಕಾಳು ಮಾತ್ರ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ, ಆಗ ಸೊಸೆಯ ಕೈ ಮೇಲೆ ತಪ್ಪು ಬರುತ್ತದೆ. ಶೇಂಗಾ ಹಿಂಡಿಯೂ, ಅಂದರೆ ಶೇಂಗಾ ಚಟ್ನಿಪುಡಿ, ಅರ್ಧ ಕಿಲೋಕ್ಕಿಂತ ಹೆಚ್ಚು ಬೇಡ, ಬಳ್ಳಾರಿಯ ಬೇಸಿಗೆಗೆ ಎಣ್ಣೆ ಕಮಟಾಗುತ್ತದೆ.

ಕುಟ್ಟುವುದು, ಹುರಿಯುವುದು, ಬಿಸಿಲಿಗೆ ಹಾಕುವುದು ಅತ್ತೆಯ ಪಾಲಿಗೆ. ಸೊಸೆಯ ತಾಸುಗಳು ದಾರ ಕತ್ತರಿಸಲು ಇರಲಿ. ಕೌದಿ ಹೊಲಿ, ಸಂಡಿಗೆ ಹಾಕು ಎಂದು ಅವಳ ಪೀಸ್ ಕಡಿಮೆ ಮಾಡಿಸಿದರೆ ಉಳಿತಾಯ ಎಲ್ಲಿಂದ ಬಂತು? ಈ ಮಾತು ಅತ್ತೆಗೆ ಹಿಡಿಸಲಿಲ್ಲ. ಸೊಸೆಯ ಒಂದು ವಾರದ ಕೂಲಿ ಲೆಕ್ಕ ಮುಂದಿಟ್ಟ ಮೇಲೆ ಸುಮ್ಮನಾದರು.

ಅಂಗಡಿಯ ಹಳೆ ಬಾಕಿಗೆ ವಾರಕ್ಕೆ ₹300, ಹೊಸ ಸಾಮಾನು ನಗದಿಗೆ ಮಾತ್ರ. ಸೊಸೆಯ ಉಳಿತಾಯ ಖಾತೆಯಲ್ಲಿ ನಾಲ್ಕು ವಾರದ ಕಂತು, ₹5,040, ಮೊದಲು ಕೂಡಬೇಕು. ₹650ರ ಸಾಲ ಮೊದಲು ಮುಗಿಯುತ್ತದೆ. ಆ ವಾರದಿಂದ ಅಷ್ಟೇ ಹಣ ಮುಂದಿನ ಸುಗ್ಗಿಗೆ ತೆಗೆದಿಡಲು ಮೂವರೂ ಒಪ್ಪಿದ್ದಾರೆ.

ಗಂಡ ಬೆಳಿಗ್ಗೆ ತಿನ್ನುವ ಒಗ್ಗರಣೆ-ಮಿರ್ಚಿಯ ಹೋಟೆಲ್ ಉದ್ರಿ ಮಾತ್ರ ಇನ್ನೂ ಪುಸ್ತಕಕ್ಕೆ ಬಂದಿಲ್ಲ. ಮುಂದಿನ ಭೇಟಿಗೆ ಅವರೊಬ್ಬರನ್ನೇ ಕರೆದಿದ್ದೇವೆ.