ಪಿಕಪ್‌ಗೆ ಆರು ಸ್ವಿಚ್ಚಿನ ಪ್ಯಾನೆಲ್: ಬ್ಯಾಟರಿಯಿಂದ ನೇರ ವಯರ್ ಎಳೆದರೆ ಸಾಲದಾ?

ನೀವು ಕೇಳಿದ್ದು ಇಷ್ಟು. ಬೊಲೆರೋ ಪಿಕಪ್‌ಗೆ ಆನ್‌ಲೈನ್‌ನಲ್ಲಿ ಆರು ಸ್ವಿಚ್ಚಿನ ಪ್ಯಾನೆಲ್ ತರಿಸಿದ್ದೀರಿ. ಮುಂದೆ 55 ವ್ಯಾಟಿನ ಎರಡು ಹ್ಯಾಲೊಜೆನ್ ಲೈಟ್. ಹಿಂದೆ, ರಾತ್ರಿ ಲೋಡ್ ಮಾಡುವಾಗ ಬೆಳಕಿಗೆ ಅಂತ ಒಂದು ಎಲ್‌ಇಡಿ. ಪ್ರತಿ ಸ್ವಿಚ್ಚಿನ ಮೇಲೂ 20 ಆಂಪ್ ಅಂತ ಬರೆದಿದೆ. ಹಾಗಾದರೆ ಬ್ಯಾಟರಿಯಿಂದ ಪ್ಯಾನೆಲ್‌ಗೆ ಒಂದು ದಪ್ಪ ವಯರ್ ಎಳೆದು, ಅಲ್ಲಿಂದ ಲೈಟುಗಳಿಗೆ ಕೊಟ್ಟರೆ ಸಾಲದಾ, ಈ ರಿಲೇ ಎಲ್ಲ ಯಾಕೆ?

ಹಾಗೆ ಕೊಟ್ಟರೆ ಲೈಟ್ ಉರಿಯುತ್ತದೆ. ನನ್ನದೂ ಒಂದೂವರೆ ವರ್ಷ ಚೆನ್ನಾಗಿಯೇ ಉರಿದಿತ್ತು. ಆಮೇಲೆ ವಯರ್ ಉರಿಯಿತು.

ನಾನು ಕಾಸರಗೋಡಿನ ಮುಳ್ಳೇರಿಯ ಕಡೆಯವನು. ಎಲೆಕ್ಟ್ರಿಷಿಯನ್ ಅಲ್ಲ, ಅಡಿಕೆ ತೋಟದವನು. ಪಿಕಪ್‌ನ ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಹಾಗಾಗಿ ತಪ್ಪುಗಳೂ ನನ್ನವೇ. ಮೊದಲ ಸಲ ನಾನೂ ನಿಮ್ಮ ಹಾಗೆಯೇ ಲೆಕ್ಕ ಹಾಕಿದ್ದೆ. ಬ್ಯಾಟರಿಯಿಂದ ವಯರ್ ತೆಗೆದು, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ತೂತಿನಿಂದ ಒಳಗೆ ತೂರಿಸಿದೆ. ಫ್ಯೂಸ್ ಹಾಕಿರಲಿಲ್ಲ ಅಂತಲ್ಲ. ಹಾಕಿದ್ದೆ, ಆದರೆ ಪ್ಯಾನೆಲ್ ಪಕ್ಕದಲ್ಲಿ, ಸ್ಟೇರಿಂಗ್ ಕೆಳಗೆ. ಹೋದರೆ ಬದಲಿಸಲು ಸುಲಭ ಅಲ್ವಾ ಅಂತ.

ಜೂನ್ ತಿಂಗಳ ಒಂದು ರಾತ್ರಿ ಜಾಲ್ಸೂರಿನಿಂದ ಚೆರ್ಕಳ ರಸ್ತೆಯಲ್ಲಿ ಬರುತ್ತಿದ್ದೆ. ಜೋರು ಮಳೆ. ಆದೂರು ಹತ್ತಿರ ಬರುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬದಿಗೆ ಹಾಕಿ ಬಾನೆಟ್ ಎತ್ತಿದರೆ ಹೊಗೆ. ಲೈಟ್ ಆಫ್ ಮಾಡಿದೆ, ನಿಲ್ಲಲಿಲ್ಲ. ಕೀ ತೆಗೆದೆ, ನಿಲ್ಲಲಿಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಬೇಕು, 10ರ ಸ್ಪ್ಯಾನರ್ ಸೀಟಿನ ಹಿಂದೆ ಗೋಣಿಗಳ ಅಡಿಯಲ್ಲಿ. ಅದನ್ನು ಹುಡುಕಿದ ಆ ಎರಡು ನಿಮಿಷ ಇದೆಯಲ್ಲ, ಮಾರಾಯ್ರೆ, ಅಷ್ಟರಲ್ಲಿ ಒಂದು ಗಾಡಿ ಹೋಗಿಯೇ ಬಿಡಬಹುದಿತ್ತು.

ಆದದ್ದು ಇಷ್ಟೆ. ತೂತಿಗೆ ರಬ್ಬರ್ ಬುಶ್ ಹಾಕಿರಲಿಲ್ಲ. ತಗಡಿನ ಅಂಚು ದಿನಾ ಉಜ್ಜಿ ಉಜ್ಜಿ ವಯರಿನ ಸಿಪ್ಪೆ ಕೊಯ್ದಿತ್ತು. ಒಳಗಿನ ತಾಮ್ರ ಗಾಡಿಯ ತಗಡಿಗೆ ತಾಗಿತು. ಶಾರ್ಟ್ ಆದದ್ದು ಬ್ಯಾಟರಿ ಮತ್ತು ಫ್ಯೂಸಿನ ನಡುವೆ. ಆ ಕರೆಂಟ್ ಫ್ಯೂಸಿನವರೆಗೆ ಬರಲೇ ಇಲ್ಲ. ಮರುದಿನ ನೋಡಿದರೆ 15 ಆಂಪಿನ ಆ ನೀಲಿ ಫ್ಯೂಸ್ ಏನೂ ಆಗದೆ ಹೊಸದರ ಹಾಗೆ ಕೂತಿತ್ತು.

ಫ್ಯೂಸ್ ಇರುವುದು ಲೈಟ್ ಉಳಿಸಲಿಕ್ಕೆ ಅಂತ ನಾನು ತಿಳಿದಿದ್ದೆ. ಅಲ್ಲ, ವಯರ್ ಉಳಿಸಲಿಕ್ಕೆ. ಆದ್ದರಿಂದ ವಯರ್ ಎಲ್ಲಿ ಶುರುವಾಗುತ್ತದೋ ಅಲ್ಲೇ ಅದು ಇರಬೇಕು. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ. ಸ್ಟಾರ್ಟರ್ ತಿರುಗಿಸಲು ನೂರಾರು ಆಂಪ್ ಕೊಡುವ ಬ್ಯಾಟರಿ ಅದು. ಶಾರ್ಟ್ ಆದಾಗಲೂ ಅಷ್ಟೇ ಧಾರಾಳವಾಗಿ ಕೊಡುತ್ತದೆ.

ಈಗ ನಿಮ್ಮ 20 ಆಂಪಿನ ವಿಷಯ. ಸ್ವಿಚ್ಚಿನ ಮೇಲೆ ಬರೆದದ್ದು ಸ್ವಿಚ್ಚಿಗೆ ಮಾತ್ರ. ಪ್ಯಾನೆಲ್ ತಿರುಗಿಸಿ ಹಿಂಭಾಗ ನೋಡಿ. ಒಂದು ಕೆಂಪು ವಯರ್ ಮೊದಲ ಸ್ವಿಚ್ಚಿನಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ, ಹೀಗೆ ಸರ ಪೋಣಿಸಿದ ಹಾಗೆ ಹೋಗಿರುತ್ತದೆ. ಆರು ಸ್ವಿಚ್ಚಿಗೆ 20ರಂತೆ 120 ಆಂಪ್ ಆಯಿತು. ಅಷ್ಟು ಹೊರುವ ವಯರ್ ನಿಮ್ಮ ಕಿರುಬೆರಳಿನಷ್ಟು ದಪ್ಪ ಇರಬೇಕಾಗುತ್ತದೆ. ಅಲ್ಲಿರುವುದು ನೂಲು.

ಇನ್ನು ಬೆಳಕಿನ ಲೆಕ್ಕ. ಎರಡು ಹ್ಯಾಲೊಜೆನ್ ಸೇರಿ 110 ವ್ಯಾಟ್. 12 ವೋಲ್ಟಿನಿಂದ ಭಾಗಿಸಿ, ಸುಮಾರು 9 ಆಂಪ್. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ, ಅಲ್ಲಿಂದ ತಿರುಗಿ ಬಂಪರಿಗೆ ಅಂದರೆ ಹೋಗಿ ಬಂದು 5 ಮೀಟರ್ ವಯರ್. 1 ಸ್ಕ್ವೇರ್ ಎಂಎಂ ವಯರಾದರೆ ದಾರಿಯಲ್ಲೇ 0.8 ವೋಲ್ಟ್ ಕಳೆದುಹೋಗುತ್ತದೆ. ಅಷ್ಟೇ ತಾನೆ ಅನ್ನಬೇಡಿ. ಹ್ಯಾಲೊಜೆನ್‌ಗೆ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಜಾಸ್ತಿ ಇಳಿಯುತ್ತದೆ. ಇಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಹೋಯಿತು. ದುಡ್ಡು ಕೊಟ್ಟು ಲೈಟ್ ಹಾಕಿಸಿ ಅದರ ಬೆಳಕನ್ನು ವಯರಿಗೆ ಊಟ ಹಾಕಿದ ಹಾಗೆ.

ರಿಲೇ ಬೇಕಾದದ್ದು ಇದಕ್ಕೇ. ಅದು ಬಾನೆಟ್ ಒಳಗೆ ಕೂತಿರುವ ಇನ್ನೊಂದು ಸ್ವಿಚ್ಚು. ದೊಡ್ಡ ಕರೆಂಟ್ ಬ್ಯಾಟರಿ, ಫ್ಯೂಸ್, ರಿಲೇ, ಲೈಟ್ ಅಂತ ಮುಂದೆಯೇ ಸುತ್ತಿ ಮುಗಿಸುತ್ತದೆ. ಕ್ಯಾಬಿನ್ ಒಳಗಿನ ಸ್ವಿಚ್ಚಿನಿಂದ ಹೋಗುವುದು ರಿಲೇಗೆ ಒಂದು ಸನ್ನೆ ಮಾತ್ರ, 0.2 ಆಂಪಿನಷ್ಟು. ಅದಕ್ಕೆ 0.75 ಸ್ಕ್ವೇರ್ ಎಂಎಂ ವಯರ್ ಧಾರಾಳ ಸಾಕು.

ರಿಲೇ ಅಡಿಯಲ್ಲಿ ನಂಬರ್ ಕೊರೆದಿರುತ್ತಾರೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ವಯರ್. 87ರಿಂದ ಲೈಟಿಗೆ. 86ಕ್ಕೆ ಪ್ಯಾನೆಲ್‌ನ ಸ್ವಿಚ್ಚಿನಿಂದ ಬಂದದ್ದು. 85 ಅರ್ತ್‌ಗೆ, ಅಂದರೆ ಬ್ಯಾಟರಿಯ ಮೈನಸ್ ಸೇರಿರುವ ಗಾಡಿಯ ತಗಡಿಗೆ. ಕೆಲವು ರಿಲೇ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರುತ್ತದೆ, ಅದರಲ್ಲಿ 85, 86 ಅದಲುಬದಲು ಮಾಡಬಾರದು. ಐದು ಕಾಲಿನ ರಿಲೇ ಸಿಕ್ಕಿದರೆ ನಡುವಿನ 87ಎ ಖಾಲಿ ಬಿಡಿ, ಅದು ಸ್ವಿಚ್ ಆಫ್ ಇದ್ದಾಗ ಕರೆಂಟ್ ಬರುವ ಕಾಲು. ನಿಮ್ಮ ಮುಂದಿನ ಜೋಡಿಗೆ 2.5 ಸ್ಕ್ವೇರ್ ಎಂಎಂ ವಯರ್, 15 ಆಂಪ್ ಫ್ಯೂಸ್. ಹಿಂದಿನ ಎಲ್‌ಇಡಿ ಸುಮ್ನೆ 2 ಆಂಪ್ ಎಳೆಯಬಹುದು. ಅದಕ್ಕೆ 1.5ರ ವಯರ್, 5 ಆಂಪ್ ಫ್ಯೂಸ್, ಇನ್ನೊಂದು ರಿಲೇ. ಎಲ್‌ಇಡಿ ಡಬ್ಬದ ಮೇಲಿನ ವ್ಯಾಟ್ ನಂಬಬೇಡಿ, ಮಲ್ಟಿಮೀಟರ್ ಹಿಡಿದು ನೋಡಿ. 126 ವ್ಯಾಟ್ ಎಂದು ಮಾರುವ ಲೈಟ್ ಎಷ್ಟೋ ಸಲ ಅದರ ಅರ್ಧವನ್ನೂ ಎಳೆಯುವುದಿಲ್ಲ.

ಪ್ಯಾನೆಲ್‌ಗೆ ಕರೆಂಟ್ ಎಲ್ಲಿಂದ? ಬ್ಯಾಟರಿಯಿಂದ ಬೇಡ, ಕೀ ಆನ್ ಮಾಡಿದಾಗ ಮಾತ್ರ ಬರುವ ಒಂದು ಫ್ಯೂಸಿನಿಂದ ತೆಗೆದುಕೊಳ್ಳಿ. ಫ್ಯೂಸಿನ ಜಾಗಕ್ಕೆ ಚುಚ್ಚುವ ಫ್ಯೂಸ್ ಟ್ಯಾಪ್ ಅಂತ ಒಂದು ಸಣ್ಣ ವಸ್ತು ಸಿಗುತ್ತದೆ, ವಯರ್ ಕೊಯ್ಯುವ ಕೆಲಸವೇ ಇಲ್ಲ. ಬ್ರೇಕ್ ಲೈಟ್, ಎಂಜಿನ್ ಇವುಗಳ ಫ್ಯೂಸ್ ಮುಟ್ಟಬೇಡಿ. ಆರು ರಿಲೇ ಸೇರಿದರೂ 1 ಆಂಪ್ ಚಿಲ್ಲರೆ, ಮೊಬೈಲ್ ಚಾರ್ಜರ್ ಇದ್ದರೆ ಇನ್ನೊಂದು 2 ಆಂಪ್. 5 ಆಂಪ್ ಫ್ಯೂಸ್ ಸಾಕು. ನೇರ ಬ್ಯಾಟರಿಗೆ ಕೊಟ್ಟರೆ ಪ್ಯಾನೆಲ್‌ನ ಆ ಚಂದದ ವೋಲ್ಟ್ ಮೀಟರ್ ಹಗಲೂ ರಾತ್ರಿ ಉರಿಯುತ್ತದೆ. 20 ಮಿಲಿಆಂಪ್ ಎಳೆದರೂ ದಿನಕ್ಕೆ ಅರ್ಧ ಆಂಪ್ ಅವರ್. ಮಳೆ ಜೋರಿರುವ ಆಟಿ ತಿಂಗಳಲ್ಲಿ ಗಾಡಿ ಹದಿನೈದು ದಿನ ಶೆಡ್ಡಿನಲ್ಲಿ ನಿಂತರೆ, ಬ್ಯಾಟರಿ ಹಳೆಯದಾಗಿದ್ದರೆ ಬೆಳಿಗ್ಗೆ ತಳ್ಳಲು ಜನ ಕರೆಯಬೇಕಾದೀತು.

ಇನ್ನೊಂದು, ಇದರಲ್ಲಿ ತುಂಬಾ ಜನ ಬೀಳುತ್ತಾರೆ. ಒಳಗೆ ದೀಪ ಇರುವ ಸ್ವಿಚ್ಚಿಗೆ ಮೂರು ಕಾಲು. ಹಿತ್ತಾಳೆ ಬಣ್ಣದ ಕಾಲು ಹೆಚ್ಚಾಗಿ ಅರ್ತ್, ಆ ಸಣ್ಣ ದೀಪಕ್ಕಾಗಿ. ಅದಕ್ಕೂ ಲೈಟಿಗೆ ಹೋಗುವ ಕಾಲಿಗೂ ವಯರ್ ತಪ್ಪಿ ಕೊಟ್ಟರೆ, ಸ್ವಿಚ್ ಹಾಕಿದ ಕೂಡಲೇ ಪ್ಲಸ್ ನೇರ ಅರ್ತ್‌ಗೆ. ಎಲ್ಲ ಕಂಪನಿಯವರೂ ಒಂದೇ ರೀತಿ ಇಡುವುದಿಲ್ಲ, ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ.

ಅರ್ತ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯ ಮಳೆಗೆ ಮೊದಲು ಹಾಳಾಗುವುದು ಅದೇ. ಪೇಂಟ್ ಮೇಲೆ ಬೋಲ್ಟ್ ಬಿಗಿದರೆ ಅರ್ತ್ ಆಗುವುದಿಲ್ಲ. ತಗಡು ಹೊಳೆಯುವವರೆಗೆ ಉಜ್ಜಿ, ವಯರಿನ ತುದಿಗೆ ಲಗ್ (ಬೋಲ್ಟ್ ತೂರುವ ಬಳೆ) ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಮೆತ್ತಿ. ಹಿಂದಿನ ಲೈಟಿಗೆ ಲೋಡ್ ತುಂಬುವ ಡಬ್ಬದ ತಗಡನ್ನು ನಂಬಬೇಡಿ, ಚಾಸಿಗೇ ಕೊಡಿ. ಸರಿಯಾಯಿತೋ ಅಂತ ನೋಡಲು ಲೈಟ್ ಹಾಕಿಟ್ಟು, ಮೀಟರಿನ ಒಂದು ಕಡ್ಡಿ ಲೈಟಿನ ಮೈನಸ್‌ಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಸರಿ ಇಲ್ಲ.

ರಿಲೇಗಳನ್ನು ಕಾಲು ಕೆಳಗೆ ಮಾಡಿ ಕೂರಿಸಿ, ನೀರು ನಿಲ್ಲುವುದಿಲ್ಲ. ವಯರ್ ಮೇಲಿನಿಂದ ನೇರ ಬಂದು ಸೇರುವ ಬದಲು ಕೆಳಗೆ ಒಂದು ಬಳುಕು ಬಿಟ್ಟು ಮೇಲೇರಿ ಸೇರಲಿ, ಹನಿ ಬಳುಕಿನಲ್ಲೇ ಕೆಳಗೆ ಬೀಳುತ್ತದೆ. ಎಲ್ಲಕ್ಕೂ ಸುಕ್ಕು ಪೈಪಿನ ಹೊದಿಕೆ ಹಾಕಿ. ಮಳೆಗಾಲದಲ್ಲಿ ಬಾನೆಟ್ ಅಂದರೆ ಇಲಿಗೆ ಬೆಚ್ಚಗಿನ ಮನೆ. ಹೊದಿಕೆ ಇದ್ದರೂ ಕಡಿಯುತ್ತದೆ, ಆದರೆ ಅದಕ್ಕೂ ಸ್ವಲ್ಪ ಕಷ್ಟವಾಗಲಿ. ಆ ತೂತಿಗೆ ರಬ್ಬರ್ ಬುಶ್ ಹಾಕಲು ನಾನು ಮತ್ತೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ. ಕೆಲಸ ಶುರುಮಾಡುವಾಗ ಮೈನಸ್ ಮೊದಲು ಬಿಚ್ಚಿ, ಮುಗಿದ ಮೇಲೆ ಅದನ್ನೇ ಕೊನೆಗೆ ಹಾಕಿ.

ಕಾನೂನಿನ ವಿಷಯ ನೀವು ಕೇಳಿಲ್ಲ, ಆದರೂ. ಕೇರಳದಲ್ಲಿ ಹೆಚ್ಚುವರಿ ಲೈಟಿನ ಮೇಲೆ ಮೋಟಾರು ವಾಹನ ಇಲಾಖೆಯವರ ಕಣ್ಣು ಜೋರಾಗಿಯೇ ಉಂಟು. ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಇದೆ. ಅದನ್ನು ಬಿಟ್ಟರೂ, ಚೆರ್ಕಳ ರಸ್ತೆಯ ತಿರುವುಗಳಲ್ಲಿ ಎದುರಿನವನ ಕಣ್ಣಿಗೆ ಬೆಳಕು ಹೊಡೆದರೆ ಅವನು ಬಂದು ಗುದ್ದುವುದು ನಮಗೇ. ನಾನು ಎರಡನೇ ಸಲ ಕಟ್ಟುವಾಗ ಮುಂದಿನ ಲೈಟ್ ಹಾಕಲೇ ಇಲ್ಲ. ಇದ್ದ ಹೆಡ್‌ಲೈಟಿಗೇ ರಿಲೇ ಹಾಕಿ ವಯರ್ ಬದಲಿಸಿದೆ. ರಸ್ತೆಗೆ ಅಷ್ಟು ಬೆಳಕು ಸಾಕಾಯಿತು. ಹಿಂದಿನ ಲೈಟ್ ಇದೆ, ಅದು ಅಂಗಳದಲ್ಲಿ ಅಡಿಕೆ ಗೋಣಿ ಏರಿಸುವಾಗ ಬೇಕು. ಕಾರಡ್ಕ, ದೇಲಂಪಾಡಿ ಕಡೆ ಆನೆ ಇಳಿದ ಸುದ್ದಿ ಬಂದ ರಾತ್ರಿ, ಗೇಟಿನ ಹತ್ತಿರ ಗಾಡಿ ಹಿಂದೆ ಮಾಡಿ ತೋಟದ ಕಡೆ ಬೆಳಕು ಬಿಟ್ಟು ನೋಡುವುದೂ ಅದರಲ್ಲೇ.

ಕೆಲಸ ಶುರು ಮಾಡುವ ಮೊದಲು ಒಂದು ಫೋಟೋ ಹಾಕಿ. ಪ್ಯಾನೆಲ್‌ನ ಹಿಂಭಾಗದ್ದು, ಮುಂಭಾಗದ್ದು ಬೇಡ. ಮತ್ತೆ 10ರ ಸ್ಪ್ಯಾನರ್ ಎಲ್ಲಿ ಇಡುತ್ತೀರಿ ಅಂತಲೂ ಹೇಳಿ. ನನ್ನದು ಈಗ ಡ್ರೈವರ್ ಬಾಗಿಲಿನ ಪಾಕೆಟ್‌ನಲ್ಲಿದೆ.