ಒಂದು ಲೀಟರ್ ಎಂದರೆ ಯಾವ ಪಾತ್ರೆ? – ಸಂಪಾದಕರ ಉತ್ತರ

ಮಾನ್ಯ ಅಯ್ಯನವರೇ,

ಕರ್ತನ ನಾಮದಲ್ಲಿ ವಂದನೆಗಳು. ಸಭಾನಾಯಕರಿಗೆ ಸಮುದಾಯ ಆರೋಗ್ಯ ಮತ್ತು ಅಭಿವೃದ್ಧಿ ಸೇವೆಯಲ್ಲಿ ತರಬೇತಿ ಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದಕ್ಕೆ ತಾವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ದೇವರ ವಾಕ್ಯವನ್ನು ಬಿಟ್ಟು ಉಣಬಡಿಸುವ ಕೆಲಸಕ್ಕೆ ನಿಲ್ಲುವುದು ತಕ್ಕದ್ದಲ್ಲವೆಂದು ಅಪೊಸ್ತಲರೇ ಹೇಳಿರುವಾಗ ಸಭೆಯ ಪಾಲಕರನ್ನು (ಪಾಸ್ಟರುಗಳನ್ನು) ಕೈತೊಳೆಯುವ ಪಾಠಕ್ಕೂ ಶೌಚಾಲಯದ ಲೆಕ್ಕಕ್ಕೂ ಹಚ್ಚುವುದು ಸರಿಯೇ ಎಂಬುದು ಮೊದಲನೆಯದು. ತಮ್ಮ ಸಭೆಯಿಂದ ಐದು ದಿನಗಳ ತರಬೇತಿಗೆ ಹೋದ ಮೂವರು ಹಿರಿಯರು ಪ್ರಮಾಣಪತ್ರ ಹಿಡಿದು ಬಂದು ಒಂದು ವರ್ಷವಾದರೂ ಏನೂ ಮಾಡಲಿಲ್ಲ, ಹೀಗಿರುವಾಗ ಈ ಖರ್ಚು ಯಾತಕ್ಕೆ ಎಂಬುದು ಎರಡನೆಯದು. ಮೊದಲನೆಯದನ್ನು ನಾನು ಒಪ್ಪಲಾರೆ. ಎರಡನೆಯದನ್ನು ತಾವು ಬರೆದಿರುವುದಕ್ಕಿಂತ ಹೆಚ್ಚಾಗಿಯೇ ಒಪ್ಪುತ್ತೇನೆ.

ಬೈಬಲಿನ ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯವನ್ನು ಮೊದಲ ವಚನದಿಂದ ಓದೋಣ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಎದ್ದಾಗ, ಅದು ಸಭೆಯ ಕೆಲಸವಲ್ಲವೆಂದು ಅಪೊಸ್ತಲರು ಹೇಳಲಿಲ್ಲ. ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿರೆಂದು ಶಿಷ್ಯರ ಸಮೂಹಕ್ಕೆ ಹೇಳಿ, ಉಣಬಡಿಸುವ ಆ ಕೆಲಸಕ್ಕೆ ಪವಿತ್ರಾತ್ಮವನ್ನೂ ಜ್ಞಾನವನ್ನೂ ಒಳ್ಳೆಯ ಹೆಸರನ್ನೂ ಅರ್ಹತೆಯಾಗಿ ಇಟ್ಟರು. ಆರಿಸಲ್ಪಟ್ಟ ಏಳೂ ಹೆಸರುಗಳು ಗ್ರೀಕ್ ಹೆಸರುಗಳು ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಯಾರ ಪಾಲಿಗೆ ಕೊರತೆ ಬಿದ್ದಿತ್ತೋ ಆ ಕಡೆಯವರ ಕೈಗೇ ಹಂಚುವ ಕೆಲಸ ಬಂದಂತೆ ಕಾಣುತ್ತದೆ. ಆ ಏಳು ಮಂದಿಯಲ್ಲಿ ಸ್ತೆಫನನ ಪ್ರಸಂಗ ಮುಂದಿನ ಅಧ್ಯಾಯವನ್ನೇ ತುಂಬಿದೆ. ಫಿಲಿಪ್ಪನು ಸಮಾರ್ಯಕ್ಕೆ ಸುವಾರ್ತೆಯನ್ನು ಒಯ್ದನು. ಪಾಲಕರು ತಾವೇ ಎಲ್ಲವನ್ನೂ ಮಾಡಬೇಕೆಂದು ನಾವೂ ಬರೆದಿಲ್ಲ. ಯಾರನ್ನು ಆರಿಸಬೇಕು, ಆರಿಸಿದ ಮೇಲೆ ಎಷ್ಟು ದೂರ ಸರಿದು ನಿಲ್ಲಬೇಕು ಎಂಬುದನ್ನು ಅವರು ಕಲಿಯಬೇಕಾಗಿದೆ.

ಇದು ಹೊಸ ವಿಚಾರವೂ ಅಲ್ಲ. 1964ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಸೇರಿದ ಕ್ರೈಸ್ತ ಸಮಾಲೋಚನೆ, ಗುಣಪಡಿಸುವ ಸೇವೆ ವೈದ್ಯರಿಗಷ್ಟೇ ಅಲ್ಲ, ಇಡೀ ಸಭೆಗೆ ಒಪ್ಪಿಸಲಾದದ್ದು ಎಂಬ ನಿಲುವಿಗೆ ಬಂದಿತ್ತು. ಹಲವು ದೇಶಗಳ ಚರ್ಚುಗಳ ಒಕ್ಕೂಟವಾದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ 1968ರಲ್ಲಿ ಕ್ರೈಸ್ತ ವೈದ್ಯಕೀಯ ಆಯೋಗವನ್ನು ರಚಿಸಿತು. ಚರ್ಚುಗಳ ವೈದ್ಯಕೀಯ ಶ್ರಮದ ಬಹುಪಾಲು ಆಸ್ಪತ್ರೆಯ ಗೋಡೆಗಳೊಳಗಿನ ಚಿಕಿತ್ಸೆಗೇ ಸಲ್ಲುತ್ತಿದೆ, ಅಲ್ಲಿ ದಾಖಲಾಗುವವರಲ್ಲಿ ಅನೇಕರ ಕಾಯಿಲೆ ತಡೆಗಟ್ಟಬಹುದಾದದ್ದು ಎಂಬ ಇರಿಸುಮುರಿಸಿನ ಸತ್ಯವನ್ನು ಈ ಆಯೋಗ ಮುಂದಿಟ್ಟಿತು. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಸಿಗಬೇಕೆಂದು ಸಾರಿದ 1978ರ ಸೆಪ್ಟೆಂಬರಿನ ಅಲ್ಮಾ-ಅಟಾ ಅಂತರರಾಷ್ಟ್ರೀಯ ಘೋಷಣೆಯ ಹಿಂದೆ ಇಂಥ ಕ್ರೈಸ್ತ ಪ್ರಯೋಗಗಳ ಅನುಭವವೂ ಇತ್ತು.

ಆ ಪ್ರಯೋಗಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ರಜನಿಕಾಂತ್ ಮತ್ತು ಮೇಬಲ್ ಆರೋಳೆ ಎಂಬ ವೈದ್ಯ ದಂಪತಿ 1970ರಲ್ಲಿ ಮಹಾರಾಷ್ಟ್ರದ ಜಾಮ್ಖೇಡ್‌ನಲ್ಲಿ ಕೆಲಸ ಆರಂಭಿಸಿದಾಗ ಮೊದಲು ತರಬೇತಾದ ನರ್ಸುಗಳನ್ನು ಹಳ್ಳಿಗಳಲ್ಲಿ ನೆಲೆಗೊಳಿಸಲು ನೋಡಿದರು, ಅದು ಕೈಗೂಡಲಿಲ್ಲ. ಬಳಿಕ ಆಯಾ ಹಳ್ಳಿಯವರೇ ಆರಿಸಿದ ಸ್ಥಳೀಯ ಸ್ತ್ರೀಯರನ್ನು ತಯಾರುಮಾಡಿದರು. ಅವರಲ್ಲಿ ಅನೇಕರಿಗೆ ಓದುಬರಹವಿರಲಿಲ್ಲ. ಕೆಲವರು ಅಸ್ಪೃಶ್ಯರೆನಿಸಿಕೊಂಡ ಮನೆಗಳಿಂದ ಬಂದವರು. ವಾರವಾರವೂ ಬಂದು ಕಲಿತು ಹಿಂದಿರುಗಿ, ಕಲಿತದ್ದನ್ನು ಮಾಡಿ, ತೊಡಕುಗಳೊಂದಿಗೆ ಮರಳಿ ಬರುವುದು ಅಲ್ಲಿಯ ಕ್ರಮವಾಗಿತ್ತು. ಐದು ದಿನ ಕಲಿಸಿ ಪ್ರಮಾಣಪತ್ರ ಕೊಟ್ಟು ಬೀಳ್ಕೊಡುವ ತರಬೇತಿಗೂ ಇದಕ್ಕೂ ಇರುವ ಅಂತರವೇ ತಮ್ಮ ಎರಡನೆಯ ಆಕ್ಷೇಪಕ್ಕೆ ಅರ್ಧ ಉತ್ತರ.

ಉಳಿದರ್ಧಕ್ಕೆ ನಾನೇ ಕೂತು ನೋಡಿದ ಒಂದು ತರಗತಿಯನ್ನು ನೆನೆಯುತ್ತೇನೆ. ಭೇದಿಯಿಂದ ಬಳಲುವ ಮಗುವಿಗೆ ಕುಡಿಸುವ ದ್ರಾವಣದ ಪಾಠ ಅದು. ಪೊಟ್ಟಣದ ಓಆರ್‌ಎಸ್ ಸಿಗದಿದ್ದಾಗ ಶುದ್ಧವಾದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂದು ತರಬೇತುದಾರರು ಅಚ್ಚುಕಟ್ಟಾಗಿ ಬರೆದರು, ನಾವೆಲ್ಲರೂ ಬರೆದುಕೊಂಡೆವು. ಪಾಲಕರೊಬ್ಬರ ಜೊತೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಅವರ ಸಭೆಯ ಸ್ತ್ರೀಯೊಬ್ಬರು, "ಒಂದು ಲೀಟರ್ ಅಂದರೆ ನಮ್ಮ ಮನೆಯ ಯಾವ ಪಾತ್ರೆ?" ಎಂದು ಕೇಳಿದರು. ತರಬೇತುದಾರರು ನಕ್ಕು, ಅದನ್ನು ಆಮೇಲೆ ನೋಡೋಣ ಎಂದರು. ಆ ಆಮೇಲೆ ಬರಲೇ ಇಲ್ಲ. ಮಧ್ಯಾಹ್ನ ದ್ರಾವಣ ಮಾಡಿ ತೋರಿಸುವ ಸರದಿ ಬಂದಾಗ ಹಿರಿಯರೊಬ್ಬರು ಗೋಪುರದಂತೆ ತುಂಬಿದ ಚಮಚ ಉಪ್ಪನ್ನು ಧಾರಾಳವಾಗಿ ಸುರಿದರು. ಅದರ ರುಚಿ ನೋಡಿದವರ ಮುಖಗಳು ನನಗಿನ್ನೂ ನೆನಪಿವೆ. ಉಪ್ಪು ಹೆಚ್ಚಾದ ದ್ರಾವಣ ಮಗುವಿಗೆ ನೆರವಾಗುವ ಬದಲು ಅಪಾಯವನ್ನೇ ತರಬಲ್ಲದು. ಇಡೀ ದಿನ ಆ ಕೋಣೆಯಲ್ಲಿ ಕೇಳಿಬಂದ ಪ್ರಶ್ನೆಗಳಲ್ಲೆಲ್ಲ ಕೆಲಸಕ್ಕೆ ಬರುವಂಥದ್ದು ಆ ಸ್ತ್ರೀಯ ಪ್ರಶ್ನೆಯೊಂದೇ. ಪ್ರಮಾಣಪತ್ರ ಸಿಕ್ಕಿದ್ದು ಮಾತ್ರ ನಮಗೆ.

ಪ್ರಸಂಗ ಮಾಡಿ ಅಭ್ಯಾಸವಾದವರಿಗೆ ಅತ್ಯಂತ ಕಷ್ಟವಾದ ಪಾಠ ಪ್ರಶ್ನೆ ಕೇಳಿ ಸುಮ್ಮನಿರುವುದು. ನಾವು ಪ್ರಶ್ನೆ ಕೇಳುತ್ತೇವೆ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಉತ್ತರವನ್ನೂ ನಾವೇ ಕೊಟ್ಟುಬಿಡುತ್ತೇವೆ. ಒಳ್ಳೆಯ ತರಬೇತಿಯಲ್ಲಿ ಒಂದು ಚಿತ್ರವನ್ನೋ ಎರಡು ನಿಮಿಷದ ಅಭಿನಯವನ್ನೋ ಮುಂದಿಟ್ಟು, ಏನು ಕಂಡಿರಿ, ನಮ್ಮಲ್ಲೂ ಹೀಗಾಗುತ್ತದೆಯೇ, ಏಕೆ, ಏನು ಮಾಡಬಹುದು ಎಂದು ಕೇಳಿ ಕಾಯಲು ಕಲಿಸುತ್ತಾರೆ. ಬೈಬಲಿನ ನೆಹೆಮೀಯನು ಊರಗೋಡೆಯನ್ನು ಮತ್ತೆ ಕಟ್ಟಿಸಲು ಯೆರೂಸಲೇಮಿಗೆ ಬಂದು ಮೂರು ದಿನ ಯಾರಿಗೂ ಏನೂ ಹೇಳದೆ, ರಾತ್ರಿಯಲ್ಲಿ ಕೆಲವರನ್ನು ಕರೆದುಕೊಂಡು ಬಿದ್ದ ಗೋಡೆಯನ್ನು ಸುತ್ತಿ ನೋಡಿದನು; ಮಾತು ಆಮೇಲೆ ಬಂತು. ನಮ್ಮ ತರಬೇತಿಗಳಲ್ಲಿ ಈ ಸುತ್ತಿ ನೋಡುವ ಭಾಗವೇ ಇಲ್ಲ.

ಸಭಾನಾಯಕರಿಗೆ ಮಾತ್ರ ಕಲಿಸಬೇಕಾದ ಕೆಲವು ಸಂಗತಿಗಳಿವೆ. ಇವು ಆರೋಗ್ಯ ಕಾರ್ಯಕರ್ತರ ಪಠ್ಯದಲ್ಲಿ ಸಿಗಲಾರವು. ಪ್ರಾರ್ಥನಾ ವಿಜ್ಞಾಪನೆಯ ಹೆಸರಿನಲ್ಲಿ ಒಬ್ಬರ ಕಾಯಿಲೆಯನ್ನು ತುಂಬಿದ ಸಭೆಯ ಮುಂದೆ ಓದಿಬಿಡುವ ರೂಢಿಯಿದೆ. ಎಚ್‌ಐವಿಯ ವಿಷಯದಲ್ಲಿಯೋ ಮಾನಸಿಕ ಕಾಯಿಲೆಯ ವಿಷಯದಲ್ಲಿಯೋ ಹಾಗೆ ಒಮ್ಮೆ ಓದಿದರೆ ಒಂದು ಕುಟುಂಬವೇ ಸಭೆಗೆ ಬರುವುದನ್ನು ನಿಲ್ಲಿಸಬಹುದು. ಇನ್ನು ಕ್ಷಯರೋಗ: ಸಾಮಾನ್ಯ ಚಿಕಿತ್ಸೆಗೆ ಆರು ತಿಂಗಳು ಬೇಕು, ಆದರೆ ಕೆಲವು ವಾರಗಳಲ್ಲಿಯೇ ಕೆಮ್ಮು ಕಡಿಮೆಯಾಗಿ ರೋಗಿಗೆ ಗುಣವಾದಂತೆ ತೋರುತ್ತದೆ. ಆಗ ಪಾಲಕರು ಪ್ರಾರ್ಥನೆಗೆ ಉತ್ತರ ಸಿಕ್ಕಿತೆಂದು ಸಾಕ್ಷಿ ಹೇಳಿಸಿದರೆ ಮಾತ್ರೆ ಅಲ್ಲಿಗೇ ನಿಲ್ಲಬಹುದು. ಅದೇ ಪಾಲಕರು ಮನೆಗೆ ಹೋಗಿ ಮಾತ್ರೆ ಎಷ್ಟು ಉಳಿದಿದೆ ಎಂದು ವಿಚಾರಿಸಿದರೆ ರೋಗಿ ಕೊನೆಯವರೆಗೂ ತೆಗೆದುಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಪಾಲಕರ ಮಾತಿಗೆ ಈ ಎರಡೂ ಬಲವಿರುವುದರಿಂದಲೇ ಅವರಿಗೆ ತರಬೇತಿ ಬೇಕೆಂದು ನಾನು ಹಟಹಿಡಿಯುತ್ತಿದ್ದೇನೆ.

ನೆರವು ಪಡೆದವರು ಸಭೆಗೆ ಬರದಿದ್ದರೆ ಈ ಸೇವೆಯ ಫಲವೇನು ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಲೂಕ 17ರಲ್ಲಿ ಕುಷ್ಠದಿಂದ ಶುದ್ಧರಾದ ಹತ್ತು ಮಂದಿಯಲ್ಲಿ ಒಬ್ಬನು ಮಾತ್ರ ಹಿಂದಿರುಗಿ ಬಂದನು. ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಕರ್ತನು ಕೇಳಿದ್ದುಂಟು. ಅವರಿಗೆ ಕೊಟ್ಟ ಸ್ವಸ್ಥತೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಔಷಧಿಗೂ ನೀರಿಗೂ ಷರತ್ತು ಹಾಕಬಾರದೆಂಬುದನ್ನು ತರಬೇತಿಯ ಮೊದಲ ದಿನವೇ ಹೇಳಬೇಕು. ಕೇಳಿದವರಿಗೆ ನಮ್ಮ ನಂಬಿಕೆಯನ್ನು ಹೇಳುವುದಕ್ಕೆ ಇದರಿಂದ ಅಡ್ಡಿಯಿಲ್ಲ.

ಹಾಗಾದರೆ ಮುಂದೇನು? ಆ ಮೂವರು ಹಿರಿಯರನ್ನು ತಾವು ದೂರಬೇಡಿರಿ. ಅವರಿಗೆ ನಲವತ್ತು ವಿಷಯ ತುಂಬಿಸಿ ಮನೆಗೆ ಕಳುಹಿಸಿದ್ದು ನಮ್ಮ ತಪ್ಪು. ಎರಡು ದಿನ ಕಲಿತು, ಒಂದೇ ಒಂದು ಕೆಲಸವನ್ನು ಹೊತ್ತು ಹೋಗಿ, ತಿಂಗಳಾದ ಮೇಲೆ ಮತ್ತೆ ಸೇರುವುದು ಸಾಕು. ಉದಾಹರಣೆಗೆ ತೋಳಿನ ಸುತ್ತಳತೆಯ ಪಟ್ಟಿ: ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗಕ್ಕೆ ಅದನ್ನು ಸುತ್ತಿದಾಗ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆಯ ಗುರುತು, ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಒಂದು ತಿಂಗಳು ಇಷ್ಟನ್ನೇ ಮಾಡಲಿ. ಎಷ್ಟು ಮನೆಯ ಬಾಗಿಲು ತೆರೆಯಿತು, ಎಲ್ಲಿ ತೆರೆಯಲಿಲ್ಲ ಎಂಬುದೇ ಮುಂದಿನ ಪಾಠವಾಗುತ್ತದೆ.

ಮುಂದಿನ ತರಬೇತಿಗೆ ಹೆಸರು ಕಳುಹಿಸುವಾಗ ಒಂದು ಬಿನ್ನಹ. ಹಿರಿಯರ ಹೆಸರುಗಳ ಜೊತೆಗೆ, ತಮ್ಮ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಯಾವ ಪಾತ್ರೆ ಎಂದು ಕೇಳುವಂಥ ಒಬ್ಬರ ಹೆಸರನ್ನೂ ಬರೆಯಿರಿ. ಅವರಿಗೆ ಓದು ಬಾರದಿದ್ದರೂ ಚಿಂತೆಯಿಲ್ಲ.

– ಸಂಪಾದಕ