ನಡೆಯುವಾಗ ಸ್ವಲ್ಪ ಚಳಿ ಇರ್ಲಿ, ಕೂತಾಗ ಬೆಚ್ಚಗಿರ್ಬೋದು

ಪ್ರಶ್ನೆ: ಮೇಡಂ ನಮಸ್ಕಾರ, ನಾನು ಹಾಸನದ ಕಡೆಯವನು, ಈಗ ಇಂಗ್ಲೆಂಡಿನ ಕಿಂಗ್ಸ್ ಲಿನ್‌ನಲ್ಲಿ ಕೆಲಸದಲ್ಲಿದೀನಿ. ಜನವರಿ ಕೊನೇಲಿ ಜೊತೆ ಕೆಲಸ ಮಾಡೋರೊಬ್ರು ವಾಷ್ ಕೊಲ್ಲಿ ಹತ್ರ ವೈಲ್ಡ್‌ಫೌಲಿಂಗ್‌ಗೆ, ಅಂದ್ರೆ ಕಾಡುಬಾತು ಹೆಬ್ಬಾತು ಬೇಟೆಗೆ ಹೋಗ್ತಾರಂತೆ, ನೀನೂ ಬಾ ನೋಡೋವಂತೆ ಅಂತ ಕರೆದಿದಾರೆ. ಕತ್ತಲಿರುವಾಗ್ಲೇ ಹೊರಡ್ಬೇಕಂತೆ. ನನ್ನ ಹತ್ರ ಒಂದು ದಪ್ಪ ಡೌನ್ ಜಾಕೆಟ್, ಅಂದ್ರೆ ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ್ದು, ಇದೆ, ಒಳಗೆ ಕಾಟನ್ ಬನಿಯನ್, ಜೀನ್ಸ್, ಎರಡು ಜೊತೆ ಸಾಕ್ಸ್ ಹಾಕ್ಕೊಂಡ್ರೆ ಸಾಕಾಗತ್ತಾ? ನಂಗೆ ಚಳಿ ತಡ್ಯೋಕೇ ಆಗಲ್ಲ.

ಉತ್ತರ: ಸಾಕಾಗಲ್ಲ. ಬನಿಯನ್ನೂ ಜೀನ್ಸೂ ಎರಡನ್ನೂ ಮನೇಲೇ ಬಿಟ್ಟು ಹೋಗಿ. ಕಾಟನ್ ಬೆವರು ಕುಡಿದ್ರೆ ಬೇಗ ಒಣಗಲ್ಲ, ಒದ್ದೆ ಬಟ್ಟೆ ಮೈಗೆ ಅಂಟ್ಕೊಂಡು ಕೂತ್ರೆ ಮೇಲೆ ಎಷ್ಟು ದಪ್ಪ ಜಾಕೆಟ್ ಇದ್ರೂ ಅಷ್ಟೇ, ಯಾಕಂದ್ರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಶಾಖ ಎಳ್ಕೊಳತ್ತೆ.

ಅಲ್ಲಿ ಚಳಿ ಹೇಗೆ ಹಿಡಿಯತ್ತೆ ಅಂತ ಮೊದ್ಲು ತಿಳ್ಕೊಳಿ. ಕಾರ್ ನಿಲ್ಸಿ, ಸಮುದ್ರದ ಏರಿ ದಾಟಿ, ಕತ್ತಲಲ್ಲಿ ಉಪ್ಪುಜೌಗಿನ ಕೆಸರು ತುಳ್ಕೊಂಡು ದೂರ ನಡೀಬೇಕು, ಒಂದೊಂದು ಹೆಜ್ಜೆಗೂ ಬೂಟು ಕಿತ್ತು ಕಿತ್ತು ಇಡ್ಬೇಕು, ಬೆನ್ನ ಮೇಲೆ ಬ್ಯಾಗು ಬೇರೆ, ಹತ್ತು ನಿಮಿಷಕ್ಕೇ ಬೆನ್ನು ಒದ್ದೆ. ಆಮೇಲೆ ಒಂದು ಕಾಲುವೆ ಅಂಚಲ್ಲಿ ಗಂಟೆಗಟ್ಲೆ ಅಲ್ಲಾಡದೆ ಕೂರೋದು. ಗುಲಾಬಿ ಕಾಲಿನ ಹೆಬ್ಬಾತುಗಳು ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಕಡೆಯಿಂದ ಚಳಿಗಾಲಕ್ಕೆ ಬರ್ತಾವೆ, ರಾತ್ರಿ ಆ ಕೆಸರು ಬಯಲಲ್ಲಿ ಮಲಗಿ ಬೆಳಗಾಗ್ತಿದ್ದಂಗೆ ಒಳನಾಡಿನ ಶುಗರ್ ಬೀಟ್ ಹೊಲಗಳಿಗೆ ಮೇಯೋಕೆ ಹಾರ್ತಾವೆ, ಅವು ತಲೆ ಮೇಲೆ ಬರೋ ಹೊತ್ತಿಗೆ ನೀವು ನಡುಗ್ತಾ ಇದ್ರೆ ನೋಡೋದು ಎಲ್ಲಿಂದ ಬಂತು. ನನ್ನ ಪ್ರಕಾರ ಜೌಗಲ್ಲಿ ಚಳಿ ತಿನ್ನೋರಲ್ಲಿ ಬಹಳ ಜನ ಬಟ್ಟೆ ಕಮ್ಮಿಯಾಗಿ ತಿನ್ನಲ್ಲ, ಹೋಗೋ ದಾರೀಲಿ ಬೆವತು ತಿಂತಾರೆ.

ಅದಕ್ಕೇ ಕಾರಿಂದ ಇಳಿದಾಗ ಸ್ವಲ್ಪ ಚಳಿ ಅನ್ಸೋ ಹಾಗೇ ಹೊರಡಿ. ಮೈಗೆ ಅಂಟೋ ಹಾಗೆ ತೆಳು ಮೆರಿನೋ ಉಣ್ಣೆ ಇಲ್ಲಾ ಪಾಲಿಯೆಸ್ಟರ್ ಥರ್ಮಲ್ ಒಳಉಡುಪು, ಮೇಲೂ ಕೆಳಗೂ, ಅದರ ಮೇಲೆ ಒಂದು ಫ್ಲೀಸ್ (ಮೆತ್ತನೆ ಸಿಂಥೆಟಿಕ್ ಮೇಲಂಗಿ), ಗಾಳಿ ಮಳೆ ಇದ್ರೆ ವಾಟರ್‌ಪ್ರೂಫ್ ಜಾಕೆಟ್, ಜಿಪ್ ಪೂರ್ತಿ ತೆಗ್ದು. ಟೋಪಿ ಗ್ಲೌಸ್ ಜೇಬಲ್ಲಿರ್ಲಿ. ಇನ್ನೊಂದು ದಪ್ಪ ಉಲನ್ ಸ್ವೆಟರ್ರೂ ನಿಮ್ಮ ಡೌನ್ ಜಾಕೆಟ್ಟೂ ನೀರು ಹೋಗದ ಚೀಲದಲ್ಲಿ ಕಟ್ಟಿ ಬ್ಯಾಗಿಗೆ ಹಾಕಿ, ಡೌನ್ ಒದ್ದೆ ಆದ್ರೆ ಮುದ್ದೆ ಆಗಿ ಶಾಖ ಹಿಡಿಯಲ್ಲ, ಹಂಗಾಗಿ ಅದು ಯಾವಾಗ್ಲೂ ವಾಟರ್‌ಪ್ರೂಫ್ ಒಳಗೇ ಇರ್ಬೇಕು. ಜಾಗ ಸಿಕ್ಕಿದ್ಮೇಲೆ ಎರಡು ನಿಮಿಷ ನಿಂತು, ಕಾಲರ್ ಒಳಗಿನ ಬಿಸಿ ಉಗಿ ಹೊರಗೆ ಹೋಗೋಕೆ ಬಿಟ್ಟು, ಬೆನ್ನಿನ ಬೆವರು ಆರ್ತಾ ಬಂದಾಗ, ಆದ್ರೆ ಚಳಿ ಶುರುವಾಗೋಕೆ ಮುಂಚೆ, ಬ್ಯಾಗಲ್ಲಿರೋ ಸ್ವೆಟರ್ರೂ ಡೌನ್ ಜಾಕೆಟ್ಟೂ ಹಾಕ್ಕೊಳಿ. ನಡುಕ ಬಂದ್ಮೇಲೆ ಹಾಕಿದ್ರೆ ಮೈ ಬಿಸಿ ಆಗೋಕೆ ಬಹಳ ಹೊತ್ತು ಬೇಕು.

ಹೊರಗಿನ ಪದರ ಗಾಳಿ ತಡೆಯೋದೇ ಆಗಿರ್ಬೇಕು. ಥರ್ಮಾಮೀಟರ್ 0 ಡಿಗ್ರಿ ತೋರಿಸ್ತಿದ್ರೂ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದ್ರೆ ಚರ್ಮಕ್ಕೆ ಮೈನಸ್ 7ರ ಹಾಗೆ ಅನ್ಸತ್ತೆ, ಆ ಬಯಲಲ್ಲಿ ಮರೆಗೆ ಒಂದು ಮರನೂ ಇಲ್ಲ.

ಕಾಲಿಗೆ ಎರಡು ಜೊತೆ ಸಾಕ್ಸ್ ಅಂದ್ರಲ್ಲ, ಬೂಟು ಒಂದು ಸೈಜ್ ದೊಡ್ಡದಿದ್ರೆ ಮಾತ್ರ. ಬಿಗಿ ಬೂಟಿಗೆ ಎರಡು ಸಾಕ್ಸ್ ತುರುಕಿದ್ರೆ ರಕ್ತ ಓಡಾಡಲ್ಲ, ಬೆರಳು ಇನ್ನೂ ಬೇಗ ಮರಗಟ್ಟತ್ತೆ. ಬೂಟೊಳಗೆ ಬೆರಳು ಆಡ್ಸಿ ನೋಡಿ, ಆಡಿದ್ರೆ ಸರಿ. ಎದೆವರೆಗಿನ ವೇಡರ್ಸ್, ಅಂದ್ರೆ ಬೂಟು ಸೇರಿದ ನೀರು ಹೋಗದ ಉಡುಪು, ಕೊಟ್ರೆ ಹಾಕ್ಕೊಳಿ, ನಿಯೋಪ್ರೀನ್ ಅನ್ನೋ ದಪ್ಪ ರಬ್ಬರ್‌ದು ಬೆಚ್ಚಗಿರತ್ತೆ ಆದ್ರೆ ನಡೆಯುವಾಗ ಬೆವರಿಸತ್ತೆ, ಸೊಂಟದ ಬೆಲ್ಟ್ ಮಾತ್ರ ಮರೀದೆ ಬಿಗಿಯಾಗಿ ಕಟ್ಕೊಳಿ, ಕಾಲುವೇಲಿ ಜಾರಿ ಬಿದ್ರೆ ಒಳಗೆ ನೀರು ನುಗ್ಗೋದನ್ನ ಅದು ತಡೆಯತ್ತೆ. ಕೈಗೆ ಬೆರಳು ಬಿಡಿಬಿಡಿ ಇರೋ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗಿರೋ ಮಿಟನ್ ಬೆಚ್ಚಗೆ, ನಿಮಗೆ ಬಂದೂಕು ಹಿಡಿಯೋ ಕೆಲಸ ಇಲ್ವಲ್ಲ. ಶಾಟ್‌ಗನ್ ಸರ್ಟಿಫಿಕೇಟ್, ಅಂದ್ರೆ ಬಂದೂಕಿನ ಲೈಸೆನ್ಸ್, ಇಲ್ಲದೆ ಹೋದವರು ನೋಡ್ತಾ ಕೂರ್ಬೇಕು ಅಷ್ಟೆ, ಅದಕ್ಕೂ ಅವರ ಬೇಟೆ ಕ್ಲಬ್‌ನವರು ಅತಿಥಿ ಕರ್ಕೊಂಡು ಹೋಗೋಕೆ ಬಿಡ್ತಾರಾ ಅಂತ ಮೊದ್ಲೇ ಕೇಳ್ಸಿ. ಕೂರೋಕೆ ಒಂದು ಫೋಮ್ ಮ್ಯಾಟ್ ತುಂಡು ಬೇಕೇ ಬೇಕು, ಒದ್ದೆ ನೆಲ ಕೆಳಗಿಂದ ಶಾಖ ಹೀರತ್ತೆ. ಬಟ್ಟೆ ಬಣ್ಣ ಮಾಸಲು ಹಸಿರೋ ಕಂದೋ ಇರ್ಲಿ.

ಫ್ಲಾಸ್ಕ್‌ನಲ್ಲಿ ಬಿಸಿ ಟೀ, ತಿನ್ನೋಕೆ ಏನಾದ್ರೂ ಸಿಹಿ. ಯಾರಾದ್ರೂ ವಿಸ್ಕಿ ಕೊಟ್ರೆ ಮನೆಗೆ ಬಂದ್ಮೇಲೆ ಅನ್ನಿ, ಅದು ಚರ್ಮದ ರಕ್ತನಾಳ ಹಿಗ್ಗಿಸಿ ಒಂದು ಕ್ಷಣ ಬಿಸಿ ಅನ್ಸತ್ತೆ, ನಿಜಕ್ಕೂ ಒಳಗಿನ ಶಾಖ ಹೊರಗೆ ಹೋಗ್ತಿರತ್ತೆ. ದೇಹದ ಒಳಗಿನ ತಾಪ 35 ಡಿಗ್ರಿಗಿಂತ ಇಳಿದ್ರೆ ಹೈಪೋಥರ್ಮಿಯಾ. ಮಾತು ತೊದಲೋದು, ಗುಂಡಿ ಹಾಕೋಕೆ ಬರದೇ ಇರೋದು, ಜೋರು ನಡುಕ ಇದ್ದಿದ್ದು ತಾನಾಗೇ ನಿಂತು ಹೋಗೋದು, ಇದರಲ್ಲಿ ಯಾವುದು ಕಂಡ್ರೂ ಹೆಬ್ಬಾತು ಬರ್ಲಿ ಬಿಡ್ಲಿ ತಕ್ಷಣ ಎದ್ದು ಬನ್ನಿ, ಸಂಕೋಚ ಬೇಡ. ವಾಷ್‌ನಲ್ಲಿ ಉಬ್ಬರ ಬಂದ್ರೆ ಹಿಂದಿನ ಕಾಲುವೆಗಳು ಮೊದ್ಲು ತುಂಬ್ತಾವೆ, ವಾಪಸ್ ಬರೋ ಟೈಮು ಹೊರಡೋ ಮುಂಚೇನೇ ಕೇಳಿಟ್ಕೊಳಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಗದಗದ ಮಾಗಡಿ ಕೆರೆಗೆ ಮಕ್ಕಳನ್ನ ಕರ್ಕೊಂಡು ಬೆಳಿಗ್ಗೆ ಬೇಗ ಹೋಗ್ಬೇಕಂತಿದೀವಿ, ಏನು ಹಾಕಿಸ್ಲಿ? ನಮ್ಮಲ್ಲೂ ಆ ತರ ಬೇಟೆ ಇದ್ಯಾ ಅಂತ ಮಗ ಕೇಳ್ತಾನೆ.

ಉತ್ತರ: ಇಲ್ಲ ಅಂತ ಹೇಳಿ ಮಗನಿಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ, ನಮಗೆ ಬೈನಾಕ್ಯುಲರ್ ಸಾಕು. ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ, ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ಅಲ್ಲಿ ಹಿಂಡುಹಿಂಡಾಗಿ ಸಿಗ್ತಾವೆ. ಥರ್ಮಲ್ ಗಿರ್ಮಲ್ ಏನೂ ಬೇಡ, ಟೀ ಶರ್ಟ್ ಮೇಲೆ ಒಂದು ಸ್ವೆಟರ್, ಕಿವಿ ಮುಚ್ಚೋ ಟೋಪಿ, ಗಾಳಿಗೆ ಒಂದು ತೆಳು ಜಾಕೆಟ್. ಬಿಸಿಲೇರಿದ ಹಾಗೆ ಒಂದೊಂದೇ ಬಿಚ್ಚಿಸಿ, ಬಿಚ್ಚಿದ್ದು ಇಡೋಕೆ ಖಾಲಿ ಬ್ಯಾಗ್ ತಗೊಂಡು ಹೋಗಿ.